ಸಮುದ್ರ ಕವರ್ ಆಯ್ತು

ಪ್ರವಾಸ ಹೋಗುವವರಲ್ಲಿ ಊರು ನೋಡುವವರದು ಒಂದು ಜಾತಿ, ಊರು ‘ಕವರ್’ ಮಾಡುವವರದು ಇನ್ನೊಂದು. ಈ ಎರಡನೇ ಜಾತಿಯವರು ಒಬ್ಬರಾದರೂ ಇಲ್ಲದ ಟೂರ್ ಗುಂಪನ್ನು ನಾನಂತೂ ಕಂಡಿಲ್ಲ. ವಯಸ್ಸು ಅರವತ್ತು ದಾಟಿರುತ್ತದೆ. ತಲೆ ಮೇಲೆ ಟೂರ್ ಕಂಪನಿ ಕೊಟ್ಟ ಟೋಪಿ, ಸೊಂಟಕ್ಕೆ ಪಾಸ್‌ಪೋರ್ಟ್ ಚೀಲ, ಅಂಗಿ ಜೇಬಿನಲ್ಲಿ ನಾಲ್ಕು ಮಡಿಕೆಯ ಕಾರ್ಯಕ್ರಮ ಪಟ್ಟಿ, ಪಕ್ಕದಲ್ಲೇ ಬಾಲ್‌ಪೆನ್ನು. ನೋಡಿದ್ದಕ್ಕೆಲ್ಲ ಟಿಕ್. ಇವರ ಲೆಕ್ಕದಲ್ಲಿ ಗುಡಿ, ಅರಮನೆ, ಕೆರೆ, ಸೀರೆ ಅಂಗಡಿ ಎಲ್ಲವೂ ‘ಪಾಯಿಂಟು’. ಜೋಗಕ್ಕೆ ಹೋದರೆ ಬೇರೆಯವರಿಗೆ ಅದು ಒಂದು ಜಲಪಾತ. ಇವರಿಗೆ ರಾಜಾ, ರಾಣಿ, ರೋರರ್, ರಾಕೆಟ್ ಅಂತ ನಾಲ್ಕು ಟಿಕ್. ಆಗುಂಬೆಯಲ್ಲಿ ಸೂರ್ಯ ಇನ್ನೂ ಅರ್ಧ ಮೇಲಿರುವಾಗಲೇ ಎಲ್ಲರನ್ನೂ ವ್ಯಾನ್ ಹತ್ತಿಸುತ್ತಾರೆ. ಯಾಕೆ ಸರ್ ಅಂದರೆ, “ಮುಳುಗೇ ಮುಳುಗ್ತಾನೆ, ಅದರಲ್ಲಿ ಡೌಟೇನು? ಶೃಂಗೇರಿ ಮಿಸ್ ಆಗತ್ತೆ, ನಡೀರಿ.”

ಸಿಂಗಪುರದಿಂದ ಹೊರಟು ಪೆನಾಂಗ್, ಫುಕೆಟ್ ಮುಟ್ಟಿ ಮತ್ತೆ ಸಿಂಗಪುರಕ್ಕೆ ಬರುವ ನಾಲ್ಕು ರಾತ್ರಿಯ ಹಡಗಿನಲ್ಲಿ ನಮ್ಮ ಗುಂಪಿಗೆ ಸಿಕ್ಕವರು ಈ ಜಾತಿಯ ಪೈಕಿ ಹಿರಿಯರು. ಅವರನ್ನು ಕವರ್ ಸರ್ ಅನ್ನೋಣ. ಹಡಗು ಹತ್ತಿದ ದಿನವೇ ಅವರ ಖದರು ಗೊತ್ತಾಗಿತ್ತು. ಅಪಾಯವಾದಾಗ ಏಳು ಸಲ ಚಿಕ್ಕದಾಗಿ, ಒಂದು ಸಲ ಉದ್ದವಾಗಿ ಸೈರನ್ ಕೂಗುತ್ತದೆ, ಆಗ ಎಲ್ಲಿಗೆ ಬಂದು ನಿಲ್ಲಬೇಕು, ಲೈಫ್ ಜಾಕೆಟ್ ಹೇಗೆ ತೊಡಬೇಕು ಅಂತ ಸಿಬ್ಬಂದಿಯ ಹುಡುಗಿ ತೋರಿಸಿಕೊಡುತ್ತಿದ್ದಳು. 2012ರಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು ಮಗುಚಿಕೊಂಡ ಮೇಲೆ ಈ ಪಾಠ ಹಡಗು ಹೊರಡುವ ಹೊತ್ತಿಗೇ ಆಗಬೇಕೆಂದು ನಿಯಮ ಬಿಗಿ ಮಾಡಿದ್ದಾರೆ. ಉಳಿದವರೆಲ್ಲ ಸ್ವಲ್ಪ ಗಂಭೀರವಾಗಿ ಕೇಳುತ್ತಿದ್ದರು. ಕವರ್ ಸರ್ ಟೂರ್ ಮ್ಯಾನೇಜರ್ ಹುಡುಗನ ಕಿವಿಯ ಹತ್ತಿರ ಬಗ್ಗಿ, “ಈ ಜಾಕೆಟ್ಟು ನಮಗೇ ಕೊಟ್ಟುಬಿಡ್ತಾರಾ? ಪ್ಯಾಕೇಜಲ್ಲಿ ಸೇರಿದೆಯಾ?” ಅಂತ ವಿಚಾರಿಸಿದರು.

ಪೆನಾಂಗ್, ಫುಕೆಟ್ ಎರಡೂ ಅವರ ಮನಸ್ಸಿಗೆ ಬಂದವು. ಕೆಕ್ ಲೋಕ್ ಸಿ ದೇವಾಲಯ ಟಿಕ್, ದೊಡ್ಡ ಬುದ್ಧ ಟಿಕ್. ತೊಂದರೆ ಶುರುವಾದದ್ದು ನಾಲ್ಕನೇ ದಿನ. ಪಟ್ಟಿಯಲ್ಲಿ ಆ ದಿನದ ಎದುರು ಒಂದೇ ಸಾಲು: ಇಡೀ ದಿನ ಸಮುದ್ರದಲ್ಲಿ, ವಿಶ್ರಾಂತಿ. ತಿಂಡಿಯ ಹೊತ್ತಿಗೆ ಕವರ್ ಸರ್ ಆ ಹುಡುಗನನ್ನು ಹಿಡಿದು ನಿಲ್ಲಿಸಿದರು.

“ಇವತ್ತು ಏನಪ್ಪಾ ಪಾಯಿಂಟು?”

“ಇವತ್ತು ಏನೂ ಇಲ್ಲ ಸರ್. ಸೀ ಡೇ. ಆರಾಮಾಗಿ ಸಮುದ್ರ ನೋಡಿ.”

“ಸಮುದ್ರ ಮೊನ್ನೇನೇ ಆಯ್ತಲ್ಲ?”

ಹುಡುಗ ತುಂಬ ಟೂರು ಮಾಡಿಸಿದವನು. ಉತ್ತರ ಕೊಡದೆ ಇನ್ನೊಂದು ಲೋಟ ಕಿತ್ತಳೆ ರಸ ತಂದಿಟ್ಟು ಮಾಯವಾದ.

ಹಡಗಿನವರ ದೃಷ್ಟಿಯಿಂದ ಈ ದಿನ ಖಾಲಿಯಲ್ಲ. ಬಂದರಿಗೆ ಕಟ್ಟುವ ಶುಲ್ಕ ಇಲ್ಲ, ಜನ ಎಲ್ಲೂ ಓಡಿಹೋಗುವಂತಿಲ್ಲ, ಬಂದರಿನಲ್ಲಿದ್ದಾಗ ಬಾಗಿಲು ಹಾಕಿದ್ದ ಕ್ಯಾಸಿನೋ ಮತ್ತು ಸುಂಕವಿಲ್ಲದ ಅಂಗಡಿಗಳು ದಿನವಿಡೀ ತೆರೆದೇ ಇರುತ್ತವೆ. ಹಿಂದೆ ಹಡಗೆಂದರೆ ಒಂದು ದಡದಿಂದ ಇನ್ನೊಂದು ದಡಕ್ಕೆ ಮುಟ್ಟಿಸುವ ವಾಹನ. 1958ರಲ್ಲಿ ಅಟ್ಲಾಂಟಿಕ್ ಮೇಲೆ ಜೆಟ್ ವಿಮಾನಗಳ ಓಡಾಟ ಶುರುವಾದ ಮೇಲೆ ಆ ಕಸುಬು ನೆಲಕಚ್ಚಿತು. ಆಗ ಈ ಜನ ಯೋಚನೆ ಮಾಡಿ, ಎಲ್ಲಿಗೂ ಮುಟ್ಟಿಸದೆ ಇರುವುದನ್ನೇ ದೊಡ್ಡ ವ್ಯಾಪಾರ ಮಾಡಿಕೊಂಡರು. ಮೆಚ್ಚತಕ್ಕದ್ದೇ. ಆದರೆ ಮುಟ್ಟುವುದಕ್ಕೆಂದೇ ದುಡ್ಡು ಕಟ್ಟಿ ಬಂದ ಕವರ್ ಸರ್‌ಗೆ ಇದನ್ನು ಯಾರು ಹೇಳಬೇಕು? ನಾನು ಹೇಳಲಿಲ್ಲ.

ಪಟ್ಟಿಯಲ್ಲಿ ಪಾಯಿಂಟು ಇಲ್ಲದಿದ್ದರೆ ಹಡಗಿನಲ್ಲೇ ಹುಟ್ಟಿಸಿಕೊಂಡರಾಯಿತು. ಬೆಳಗಿನ ಆರಕ್ಕೇ ಎದ್ದು, ಈಜುಕೊಳದ ಪಕ್ಕದ ಒರಗು ಕುರ್ಚಿಗಳ ಪೈಕಿ ನಾಲ್ಕನ್ನು ಅವರು ಆಗಲೇ ಹಿಡಿದಿಟ್ಟಿದ್ದರು. ಒಂದರ ಮೇಲೆ ಚೌಕಳಿ ಟವೆಲ್ಲು, ಒಂದರ ಮೇಲೆ ಕರ್ಚೀಫು, ಒಂದರ ಮೇಲೆ ಮಂಕಿ ಟೋಪಿ, ಇನ್ನೊಂದರ ಮೇಲೆ ಹಡಗಿನದೇ ಲೈಬ್ರರಿಯಿಂದ ಎರವಲು ತಂದ, ಅವರಿಗೆ ಒಂದಕ್ಷರವೂ ಬಾರದ ಚೀನೀ ಪುಸ್ತಕ. ಮೆಜೆಸ್ಟಿಕ್‌ನಲ್ಲಿ ಬಸ್ಸಿನ ಕಿಟಕಿಯಿಂದ ಕರ್ಚೀಫು ತೂರಿ ಸೀಟು ಹಿಡಿದು ಬೆಳೆದ ಕೈ ಅದು. ಆದರೆ ಇಲ್ಲಿಯ ಕಾಯಿದೆ ಬೇರೆ. ಸ್ವಲ್ಪ ಹೊತ್ತು ಯಾರೂ ಕೂರದಿದ್ದರೆ ಸಿಬ್ಬಂದಿ ಬಂದು ಸಾಮಾನು ಎತ್ತಿಡುತ್ತಾರೆ. ಕವರ್ ಸರ್ ತಿಂಡಿ ಮುಗಿಸಿ ಬರುವಷ್ಟರಲ್ಲಿ ನಾಲ್ಕು ಕುರ್ಚಿಗಳಲ್ಲೂ ಎಣ್ಣೆ ಹಚ್ಚಿಕೊಂಡ ಆಸ್ಟ್ರೇಲಿಯಾದವರು ಮಲಗಿದ್ದರು. “ಕರ್ಚೀಫ್ ಹಾಕಿದ್ದೆ ಕಣ್ರೀ!” ಅಂತ ಅವರು ಕನ್ನಡದಲ್ಲೇ ದಬಾಯಿಸಿದರು. ಮಲಗಿದ್ದವರಲ್ಲೊಬ್ಬ ಒಂದು ಕಣ್ಣು ತೆರೆದು ಗುಡ್ ಮಾರ್ನಿಂಗ್ ಅಂದ.

ಅಲ್ಲಿಂದ ಅವರು ಡೆಕ್ಕುಗಳನ್ನು ಕವರ್ ಮಾಡುವುದಕ್ಕೆ ಹೊರಟರು. ಕೆಳಗಿನಿಂದ ಮೇಲಕ್ಕೆ, ಒಂದೊಂದನ್ನೂ ಆ ತುದಿಯಿಂದ ಈ ತುದಿಗೆ ನಡೆದು ಟಿಕ್ ಹಾಕುತ್ತ ಹೋದರು. ಕ್ಯಾಸಿನೋ ಅಡ್ಡ ಬಂತು. ಒಂದು ಬಾಗಿಲಿಂದ ಹೊಕ್ಕು, ಎರಡೂ ಕೈಗಳನ್ನು ಜೇಬಿನ ಮೇಲೆ ಒತ್ತಿಹಿಡಿದು, ಇನ್ನೊಂದು ಬಾಗಿಲಿಂದ ಹೊರಬಿದ್ದರು. ಕ್ಯಾಸಿನೋ ಕವರ್. ಹನ್ನೆರಡನೇ ಡೆಕ್ ಮುಗಿಸಿ ಮೆಟ್ಟಿಲು ಹತ್ತಿದರೆ ಗೋಡೆ ಮೇಲೆ 14 ಅಂತ ಬರೆದಿದೆ. ಇಳಿದು ನೋಡಿದರು, 12. ಮತ್ತೆ ಹತ್ತಿದರು, 14. ಹದಿಮೂರು ಅಪಶಕುನವೆಂದು ಹಡಗು ಕಟ್ಟುವವರು ಆ ಸಂಖ್ಯೆಯನ್ನೇ ಹಾರಿಸಿಬಿಟ್ಟಿರುತ್ತಾರೆ. ಇದನ್ನು ಅವರಿಗೆ ಮನದಟ್ಟು ಮಾಡಿಸಲು ಸ್ವಾಗತ ಕಟ್ಟೆಯಲ್ಲಿ ಇಬ್ಬರು ಬೇಕಾಯಿತು. “ಅಪಶಕುನ ಅವರಿಗೆ. ನಮಗೇನು? ನಮಗೆ ತೋರಿಸಬಹುದಲ್ಲ?” ಅನ್ನುವುದು ಅವರ ವಾದ. ಇಲ್ಲದ ಡೆಕ್ಕಿಗೂ ಸೇರಿಸಿಯೇ ಟಿಕೆಟ್ ದುಡ್ಡು ತೆಗೆದುಕೊಂಡಿದ್ದಾರೆ ಅನ್ನುವ ಅನುಮಾನ ಅವರಿಗೆ ಕೊನೆಯವರೆಗೂ ಹೋಗಲಿಲ್ಲ.

ಈ ನಡುವೆ ಅವರ ಮನೆಯವರು ಐದನೇ ಡೆಕ್ಕಿನ ದೊಡ್ಡ ಕಿಟಕಿಯ ಪಕ್ಕ ಒಂದು ಮೆತ್ತನೆ ಸೋಫಾದ ಮೇಲೆ ಕಾಲು ಮಡಚಿ ಕೂತು ಹೂಬತ್ತಿ ಹೊಸೆಯುತ್ತಿದ್ದರು. ಬೆಂಗಳೂರಿನಿಂದ ಒಂದು ಪೊಟ್ಟಣ ಹತ್ತಿ ತಂದಿದ್ದರು. ಚಿಟಿಕೆಯಷ್ಟು ಹತ್ತಿ ಬಿಡಿಸಿ, ಬೆರಳಲ್ಲಿ ಅಗಲ ಮಾಡಿ, ಅಂಚುಗಳನ್ನು ಮೇಲಕ್ಕೆ ಕೂಡಿಸಿ, ತುದಿಗೆ ಒಂದು ತೊಟ್ಟು ಹಾಲು ಸವರಿ ತಿರುವುವುದು. ಹಾಲು ಎಲ್ಲಿಯದೆಂದರೆ, ಕಾಫಿಗೆ ಕೊಡುವ ಸಣ್ಣ ಪ್ಲಾಸ್ಟಿಕ್ ಡಬ್ಬಿಯದು. ಶ್ರಾವಣ ಹತ್ತಿರ ಬಂತು, ಊರಲ್ಲಿ ಪುರುಸೊತ್ತು ಸಿಗೋದಿಲ್ಲ ಅಂದರು. ಆಗಾಗ ತಲೆ ಎತ್ತಿ ಸಮುದ್ರ ನೋಡುತ್ತಿದ್ದರು, ಮತ್ತೆ ಹತ್ತಿ ತೆಗೆಯುತ್ತಿದ್ದರು. ಫಿಲಿಪ್ಪೀನ್ಸಿನ ಹುಡುಗಿಯೊಬ್ಬಳು ಖಾಲಿ ಲೋಟ ಎತ್ತಲು ಬಂದವಳು ನಿಂತು, ತಾನೂ ಒಂದು ಮಾಡಿ ನೋಡಿದಳು. ಅದು ಬಿಚ್ಚಿಕೊಂಡಿತು. ಇಬ್ಬರೂ ನಕ್ಕರು. ಕವರ್ ಸರ್ ಏಳನೇ ಡೆಕ್ಕಿಗೆ ಹೋಗುವ ದಾರಿಯಲ್ಲಿ ಒಂದು ಕ್ಷಣ ನಿಂತು, “ಇಷ್ಟು ಖರ್ಚು ಮಾಡ್ಕೊಂಡು ಬಂದು ಬತ್ತಿ ಹೊಸೀತಾ ಕೂತಿದೀಯಲ್ಲೇ” ಅಂದರು. “ರೀ, ನೀವು ನಡೀರಿ. ನಿಮ್ಮ ಡೆಕ್ಕು ಓಡಿಹೋಗತ್ತೆ” ಅಂದರು ಅವರು, ತಲೆ ಎತ್ತದೆ.

ಮಧ್ಯಾಹ್ನದ ಬಫೆ ಹೇಗೆ ಕವರ್ ಆಯಿತೆಂದು ವಿವರಿಸುವುದು ಬೇಡ, ಓದುವವರ ಹೊಟ್ಟೆ ಕೆಡಬಹುದು. ಹದಿನೇಳು ಬಗೆ ಸಿಹಿ ಇತ್ತೆಂಬ ಲೆಕ್ಕ ಅವರದೇ. ಅನ್ನ ಬಡಿಸುವ ಕಡೆ ನಿಂತಿದ್ದ ಹುಡುಗ ಇವರ ಟೋಪಿಯ ಮೇಲಿನ ಕನ್ನಡ ಓದಿ, “ಹ್ವಾಯ್, ಊರ್ ಯಾವ್ದು ಮಾರಾಯ್ರೆ?” ಅಂದಾಗ ನಮ್ಮ ಸಾಲಿಗೆ ಸಾಲೇ ನಿಂತುಬಿಟ್ಟಿತು. ಕುಂದಾಪುರದ ಕಡೆಯವನು. ಮಂಗಳೂರು, ಉಡುಪಿ, ಗೋವಾ ಕಡೆಯ ಹುಡುಗರು ಇಂಥ ಹಡಗುಗಳಲ್ಲಿ ಬೇಕಾದಷ್ಟು ಜನ ಇದ್ದಾರೆ. ಕವರ್ ಸರ್‌ಗೆ ಕೊನೆಗೂ ಒಬ್ಬ ನಂಬಿಕಸ್ಥ ಸಿಕ್ಕಿದ.

“ನೀನೇ ಹೇಳಪ್ಪಾ, ಇವತ್ತು ನೋಡೋಕೆ ಏನಿದೆ?”

“ಇವತ್ತ್ ಎಂತದೂ ಇಲ್ಲೆ. ಸುಮ್ನೆ ಕೂಕಣಿ.”

“ನೀನು ಏನು ನೋಡ್ತೀಯ?”

“ನಾನಾ? ಬಂದ್ ಏಳ್ ತಿಂಗ್ಳಾಯ್ತ್, ಸಮುದ್ರ ಕಾಂಬುಕೆ ಪುರ್ಸೊತ್ತೇ ಇಲ್ಲೆ. ನೀವ್ ಊರ್ ತಿರ್ಗುಕೆ ಹ್ವಾರೆ ನಮ್ಗ್ ಒಂಚೂರು ಉಸ್ರು. ಇವತ್ತ್ ಎಲ್ರೂ ಇಲ್ಲೇ ಇದ್ರಿ ಅಲ್ದಾ?” ಅಂತ ಹೇಳುತ್ತಲೇ ಹಿಂದಿನವರಿಗೆ ಬೇಳೆ ಸಾರು ಹಾಕಿದ. ಕವರ್ ಸರ್ ಜೇಬಿನಿಂದ ಚಟ್ನಿಪುಡಿ ಪೊಟ್ಟಣ ತೆಗೆದು ಅವನ ಕೈಗಿಟ್ಟರು. ಇವರು ತಮ್ಮ ಸಾಮಾನಿನಿಂದ ಯಾರಿಗಾದರೂ ಏನಾದರೂ ಕೊಟ್ಟದ್ದನ್ನು ಗುಂಪಿನವರು ನೋಡಿದ್ದು ಅದೇ ಮೊದಲು.

ಮಧ್ಯಾಹ್ನ ಅವರು ಹಡಗಿನ ವೇಗದ ಮೇಲೆ ಬಿದ್ದರು. ಕೋಣೆಯ ಟಿವಿಯಲ್ಲಿ 20 ನಾಟ್ ಅಂತ ಬರುತ್ತಿತ್ತು. ಅಂದರೆ ಗಂಟೆಗೆ 37 ಕಿಲೋಮೀಟರು. “ನಮ್ಮ ಕೆಂಪು ಬಸ್ಸೂ ಇದಕ್ಕಿಂತ ಜೋರಾಗಿ ಹೋಗತ್ತೆ. ಸ್ವಲ್ಪ ತುಳಿದರೆ ರಾತ್ರಿಯೇ ಸಿಂಗಪುರ ಮುಟ್ಟಿ ಒಂದು ನೈಟ್ ಸಫಾರಿ ಕವರ್ ಮಾಡಬಹುದಿತ್ತು.” ಇದೇ ಬೇಜಾರಿನಲ್ಲಿ ಅವರು ಹಡಗಿನ ಬಲಗಡೆಯ ಕಟಕಟೆ ಹಿಡಿದು ನಿಂತಿದ್ದಾಗ ಆ ದಿನದ ಭಾಗ್ಯ ಬಂತು. ಹಡಗು ಆಗ ಮಲಾಕ್ಕಾ ಜಲಸಂಧಿಯಲ್ಲಿತ್ತು. ಈ ಕಡೆ ಸುಮಾತ್ರಾ, ಆ ಕಡೆ ಮಲೇಷ್ಯಾ. ನಡುವಿನ ಈ ನೀರಿನ ಓಣಿ ಪ್ರಪಂಚದಲ್ಲೇ ಅತಿ ಹೆಚ್ಚು ಹಡಗುಗಳು ಓಡಾಡುವ ದಾರಿಗಳಲ್ಲೊಂದು. ಇಲ್ಲಿ ಹೋಗುವುದಕ್ಕೊಂದು, ಬರುವುದಕ್ಕೊಂದು ಲೇನು ಉಂಟು, ಹಡಗುಗಳು ಬಲಗಡೆ ಹಿಡಿದೇ ಸಾಗಬೇಕು. ಹಾಗಾಗಿ ಸಿಂಗಪುರಕ್ಕೆ ಇಳಿಯುವ ಹಡಗು ಸುಮಾತ್ರಾದ ಮಗ್ಗುಲಿಗೆ ಬರುತ್ತದೆ. ದಡವೇನೂ ಕಾಣುತ್ತಿರಲಿಲ್ಲ, ಬರೀ ಮಬ್ಬು. ಆದರೆ ಕವರ್ ಸರ್ ಜೇಬಿನಲ್ಲಿ ಫೋನು ಟಿಣ್ ಅಂದಿತು. ಇಂಡೋನೇಷ್ಯಾಕ್ಕೆ ಸ್ವಾಗತ, ಅಂತ ಸಂದೇಶ.

ಆ ಮುಖದ ಮೇಲಿನ ಕಳೆ ನೀವು ನೋಡಬೇಕಿತ್ತು! ತಕ್ಷಣ ಅದರ ಚಿತ್ರ ಹಿಡಿದರು. ಆಮೇಲೆ ಬಿಲ್ಲು ಬರುತ್ತದೆಂಬ ಭಯದಿಂದ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿದರು. ಆಮೇಲೆ ಪಟ್ಟಿ ಬಿಡಿಸಿ, ಫುಕೆಟ್‌ನ ಕೆಳಗೆ ಕೈಬರಹದಲ್ಲಿ ‘ಇಂಡೋನೇಷ್ಯಾ’ ಎಂದು ಸೇರಿಸಿ, ಜೋರಾಗಿ ಒಂದು ಟಿಕ್ ಹಾಕಿದರು. ಕಾಗದ ತೂತಾಯಿತು. “ವೀಸಾ ಇಲ್ಲ, ಕ್ಯೂ ಇಲ್ಲ. ಒಂದು ದೇಶ ಫ್ರೀ!” ಅಂತ ಗುಂಪಿನವರಿಗೆಲ್ಲ ಹೇಳಿಕೊಂಡು ಬಂದರು. ಸಂಜೆ ಹೊತ್ತಿಗೆ ನಮ್ಮವರು ಆರೇಳು ಜನ ಬಲಗಡೆ ಕಟಕಟೆಯಲ್ಲಿ ಫೋನು ಮೇಲೆತ್ತಿ ಹಿಡಿದು ಇಂಡೋನೇಷ್ಯಾಕ್ಕಾಗಿ ಕಾಯುತ್ತಿದ್ದರು. ನಾನೂ ಹೋಗಿ ನಿಂತೆ, ಸುಳ್ಳೇಕೆ.

ಸೂರ್ಯಾಸ್ತವೂ ಅವರಿಗೆ ಒಗ್ಗಿತು. ಭೂಮಧ್ಯರೇಖೆಯ ಹತ್ತಿರ ಸೂರ್ಯ ಓರೆಯಾಗಿ ಜಾರುವುದಿಲ್ಲ, ನೆಟ್ಟಗೆ ಇಳಿಯುತ್ತಾನೆ. ಅಂಚು ನೀರಿಗೆ ತಾಗಿದ ಮೇಲೆ ಪೂರ್ತಿ ಮುಳುಗಲು ಎರಡು ನಿಮಿಷದ ಮೇಲೆ ಸ್ವಲ್ಪ. ಕವರ್ ಸರ್ ಗಡಿಯಾರ ಹಿಡಿದು ನೋಡಿ, “ಇದಪ್ಪಾ ಸೂರ್ಯಾಸ್ತ ಅಂದ್ರೆ. ಆಗುಂಬೆಯವರು ಕಲೀಬೇಕು” ಅಂದರು.

ಕೊನೆಯ ರಾತ್ರಿ ದೊಡ್ಡ ಪೆಟ್ಟಿಗೆಗಳಿಗೆ ಚೀಟಿ ಕಟ್ಟಿ ಕೋಣೆಯ ಬಾಗಿಲಾಚೆ ಇಡಬೇಕು. ಹಡಗಿನವರು ಒಯ್ದು ಬೆಳಗ್ಗೆ ದಡದಲ್ಲಿ ಒಪ್ಪಿಸುತ್ತಾರೆ. ಹನ್ನೊಂದರವರೆಗೆ ಸಮಯವಿತ್ತು. ಮೊದಲಿಟ್ಟವರದು ಮೊದಲು ಬರುತ್ತದೆಂಬುದು ಕವರ್ ಸರ್ ಸಿದ್ಧಾಂತ. ಊಟ ಮುಗಿಸಿ ಬಂದವರೇ ಪಂಚೆ ಉಟ್ಟು, ಬಿಚ್ಚಿದ ಪ್ಯಾಂಟೂ ಸೇರಿ ಕಣ್ಣಿಗೆ ಬಿದ್ದದ್ದೆಲ್ಲ ತುರುಕಿ, ಎಂಟೂವರೆಗೇ ಪೆಟ್ಟಿಗೆ ಹೊರಗಿಟ್ಟರು. ಒಂಬತ್ತಕ್ಕೆ ಅದು ಹೋಯಿತು. ಒಂಬತ್ತೂಕಾಲಿಗೆ ಅವರ ಮನೆಯವರು, “ಬೆಳಗ್ಗೆಗೆ ಏನು ಹಾಕ್ಕೋತೀರಿ?” ಅಂದರಂತೆ.

ಹೀಗಾಗಿ ಅವರು ಸಿಂಗಪುರಕ್ಕೆ ಇಳಿದದ್ದು ಪಂಚೆ, ಹವಾಯಿ ಚಪ್ಪಲಿ ಮತ್ತು ಟೂರ್ ಕಂಪನಿಯ ಟೋಪಿಯಲ್ಲಿ. ಪೆಟ್ಟಿಗೆ ಕೈಗೆ ಬಂದದ್ದು ಗುಂಪಿನಲ್ಲೆಲ್ಲ ಕೊನೆಗೆ. ಪ್ಯಾಂಟು ತೆಗೆಯುವಷ್ಟರಲ್ಲಿ ಬಸ್ಸು ಹೊರಟು ನಿಂತಿತ್ತು, ಪಾಯಿಂಟು ಮಿಸ್ ಆಗುತ್ತದೆಂದು ಹಾಗೇ ಹತ್ತಿದರು. ಮರ್‌ಲಯನ್ ಮೂರ್ತಿಯ ಮುಂದೆ ಅವರು ಟಿಕ್ ಹಾಕಲು ಪೆನ್ನು ತೆಗೆಯುತ್ತಿದ್ದಾಗ ಯಾವುದೋ ದೂರದೇಶದ ಒಂದು ಸಂಸಾರ ಅವರನ್ನು ಕಂಡು ಓಡಿಬಂತು. ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಮುಂದೆ. ಪಂಚೆಯ ಚುಂಗು ಸರಿಯಾಗಿ ಕಾಣುವಂತೆ ನಿಲ್ಲಿಸಿ ಎರಡು ಫೋಟೋ ತೆಗೆದುಕೊಂಡರು. ಥ್ಯಾಂಕ್ಯೂ ಅಂದರು. ಅವರ ಗೈಡು ಸೀಟಿ ಊದಿದ, ಅಷ್ಟೂ ಜನ ಬಸ್ಸಿನ ಕಡೆ ಓಡಿದರು.

ಕವರ್ ಸರ್ ಅವರು ಹೋದ ಕಡೆಯೇ ನೋಡುತ್ತ ನಿಂತಿದ್ದರು. “ನಾನು ಯಾರು, ಯಾವ ಊರು ಅಂತ ಒಂದು ಮಾತು ಕೇಳಬಾರದಾ?” ಅಂದರು. “ಏನು ಅವಸರವೋ ಜನಕ್ಕೆ.”