ಚಿತ್ರಕ್ಷಯ ನಿದಾನ: ಮುಪ್ಪಿನ ಲ್ಯಾಪ್‌ಟಾಪಿನ ಗ್ರಾಫಿಕ್ಸ್ ರೋಗಕ್ಕೊಂದು ಶಾಸ್ತ್ರ

ರಾಜಯಕ್ಷ್ಮದಿಂದ ಹಿಡಿದು ಬಿಕ್ಕಳಿಕೆಯವರೆಗೆ ಸಕಲ ರೋಗಗಳ ನಿದಾನವನ್ನೂ ಬರೆದಿಟ್ಟ ಪೂರ್ವಾಚಾರ್ಯರು ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡಿಗೆ ತಗಲುವ ಕ್ಷಯದ ಬಗ್ಗೆ ಒಂದಕ್ಷರವನ್ನೂ ಬರೆದಿಲ್ಲ. ಅವರ ಕಾಲಕ್ಕೆ ಆ ರೋಗವೇ ಇರಲಿಲ್ಲ ಎಂಬುದು ಸೋಮಾರಿ ಸಂಶೋಧಕರ ಸಮಾಧಾನ. ಪುಷ್ಪಕ ವಿಮಾನಕ್ಕೆ ಡಿಸ್‌ಪ್ಲೇ ಇರಲಿಲ್ಲ ಎಂದು ಸಾಧಿಸಿ ತೋರಿಸಿದವರು ಇನ್ನೂ ಹುಟ್ಟಿಲ್ಲ. ಇರಲಿ, ಆ ಚರ್ಚೆಗೆ ಬೇರೆ ಸೆಮಿನಾರು ಉಂಟು, ಅಲ್ಲಿ ಊಟವೂ ಚೆನ್ನಾಗಿರುತ್ತದೆ.

ಅನುಬಂಧ ಚತುಷ್ಟಯ ಹೇಳದೆ ಶಾಸ್ತ್ರಗ್ರಂಥ ಮುಂದಡಿ ಇಡಕೂಡದು. ವಿಷಯ: ಚಿತ್ರಕ್ಷಯ, ಅಂದರೆ ಯಂತ್ರ ಬದುಕಿದ್ದು ಚಿತ್ರ ಮಾತ್ರ ಸಾಯುವ ವ್ಯಾಧಿ. ಅಧಿಕಾರಿ: ವಾರಂಟಿ ಮುಗಿದವನು. ವಾರಂಟಿ ಇರುವವನು ಶಾಸ್ತ್ರ ಓದಬೇಕಿಲ್ಲ, ಬಿಲ್ಲು ಹುಡುಕಿಕೊಂಡರೆ ಸಾಕು. ಸಂಬಂಧ: ಗ್ರಂಥಕ್ಕೂ ಓದುಗನಿಗೂ ಬೇರೆ ದಾರಿಯಿಲ್ಲ ಎಂಬುದಷ್ಟೇ. ಪ್ರಯೋಜನ: ಶಾಸ್ತ್ರವನ್ನು ಪ್ರಯೋಜನ ಕೇಳುವುದು ಅಶಾಸ್ತ್ರೀಯ.

ಈ ಗ್ರಂಥಕ್ಕೆ ಆಧಾರವಾದ ರೋಗಿ ನಮ್ಮ ಚಿಕ್ಕಪ್ಪನ ಲ್ಯಾಪ್‌ಟಾಪು. ರೋಗಿಯ ಕುಲಗೋತ್ರ ಬಯಲು ಮಾಡುವುದು ವೈದ್ಯಧರ್ಮವಲ್ಲವಾದ್ದರಿಂದ ಕಂಪನಿಯ ಹೆಸರು ಹೇಳುವುದಿಲ್ಲ. ವಯಸ್ಸನ್ನು ಲಕ್ಷಣದಿಂದಲೇ ಊಹಿಸಬಹುದು: ಬ್ಯಾಟರಿ ಹೆಸರಿಗೆ ಮಾತ್ರ ಉಂಟು, ಎಂಟರ್ ಕೀಲಿ ಒತ್ತಿದರೆ ಒಳಗೆ ಹೋಗುತ್ತದೆ, ಹೊರಗೆ ಬರುವುದು ಅದರ ಇಷ್ಟ. ಅದರೊಳಗೆ ಚಿಕ್ಕಪ್ಪನ ಪೆನ್ಷನ್ ಕಾಗದಗಳು, ಹರಿಕಥೆಯ ಆಡಿಯೋಗಳು, ಮಗಳ ಮದುವೆಯ ಫೋಟೊಗಳಿವೆ. ಹೊಸದು ತಗೊಳ್ಳಿ ಎಂದರೆ, "ಇದಕ್ಕೇನಾಗಿದೆಯೋ? ಒಂಚೂರು ಗೆರೆ ಬರತ್ತೆ, ಅಷ್ಟೇ ತಾನೆ" ಎನ್ನುತ್ತಾರೆ. ರೋಗಿಯ ಕಡೆಯವರು ರೋಗವನ್ನು ಒಪ್ಪದಿರುವುದು ಈ ವ್ಯಾಧಿಯ ಮೊದಲ ಪೂರ್ವರೂಪ. ಫ್ಯಾನು ಕಾರಣವಿಲ್ಲದೆ ಅರಚುವುದು ಎರಡನೆಯದು. ಮೂರನೆಯದನ್ನು ತೊಡೆಯ ಮೇಲಿಟ್ಟುಕೊಂಡು ಕೂತವರು ತಾವೇ ಬಲ್ಲರು.

ಆಮೇಲೆ ರೂಪ. ಪರದೆಯಲ್ಲಿ ಮೇಲಿಂದ ಕೆಳಕ್ಕೆ ಹಸಿರು ಗೆರೆಗಳು ಇಳಿಯುತ್ತವೆ. ಅಕ್ಷರಗಳ ಬೆನ್ನಿಗೆ ಗುಲಾಬಿ ನೆರಳು ಹತ್ತುತ್ತದೆ. ಫೋಟೊಗಳ ಮೇಲೆ ಬಣ್ಣದ ಚೌಕಗಳು ಎದ್ದು ಮುಖ ಮುಚ್ಚುತ್ತವೆ. ನಮ್ಮ ರೋಗಿಯಲ್ಲಿ ಅವು ಸರಿಯಾಗಿ ಬೀಗರ ಮುಖದ ಮೇಲೆ ಎದ್ದವು, ಇದರಿಂದ ಚಿಕ್ಕಪ್ಪನಿಗೆ ಬೇಸರವೇನೂ ಆಗಲಿಲ್ಲ. ನಡುನಡುವೆ ಪರದೆ ಕಪ್ಪಾಗಿ, ಮತ್ತೆ ಬೆಳಗಿ, ಡಿಸ್‌ಪ್ಲೇ ಡ್ರೈವರ್ ನಿಂತುಹೋಗಿತ್ತು, ಈಗ ಚೇತರಿಸಿಕೊಂಡಿದೆ ಎಂಬ ಚೀಟಿ ಬಲಮೂಲೆಯಲ್ಲಿ ಏಳುತ್ತದೆ. ವಿಂಡೋಸ್ ವಿಸ್ಟಾದ ಕಾಲದಿಂದ ನಡೆದುಬಂದ ರೂಢಿ ಇದು: ಕೊಟ್ಟ ಕೆಲಸಕ್ಕೆ ಕಾರ್ಡು 2 ಸೆಕೆಂಡಿನೊಳಗೆ ಓಗೊಡದಿದ್ದರೆ ಮೂರ್ಛೆ ಹೋಗಿದೆ ಎಂದು ಭಾವಿಸಿ ವಿಂಡೋಸ್ ಅದನ್ನು ಅಲುಗಾಡಿಸಿ ಎಬ್ಬಿಸುತ್ತದೆ. ನಮ್ಮ ಯಾವ ಕಚೇರಿಯಲ್ಲೂ ಕಂಡು ಕೇಳರಿಯದ ಗಡುವು. ಎಬ್ಬಿಸಿ ಎಬ್ಬಿಸಿ ಸಾಕಾದ ಮೇಲೆ ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಹೆಸರಿನ ಪಕ್ಕ ಹಳದಿ ತ್ರಿಕೋನ, ಅದರೊಳಗೆ ಕೋಡ್ 43. ಈ ಸಾಧನ ತನಗೇನೋ ತೊಂದರೆ ಎಂದು ಹೇಳಿಕೊಂಡಿದ್ದರಿಂದ ನಿಲ್ಲಿಸಿದ್ದೇವೆ ಎಂಬುದು ಅದರ ತಾತ್ಪರ್ಯ. ಏನು ತೊಂದರೆ ಎಂದು ಮಾತ್ರ ಕೇಳಬಾರದು.

ಇಲ್ಲಿ ಅಪಕ್ವ ವೈದ್ಯರು ಎಡವುತ್ತಾರೆ. ಗೆರೆ ಕಂಡದ್ದು ಪರದೆಯಲ್ಲಿ, ಆದ್ದರಿಂದ ಕೆಟ್ಟದ್ದು ಪರದೆ ಎಂದು ಅನುಮಾನ ಪ್ರಮಾಣ ಹೂಡಿ ಹೊಸ ಪ್ಯಾನೆಲ್ ಹಾಕಿಸುತ್ತಾರೆ. ಹೊಸ ಪ್ಯಾನೆಲ್‌ನಲ್ಲೂ ಅದೇ ಗೆರೆ, ಇನ್ನೂ ನಿಚ್ಚಳವಾಗಿ. ಹೊರಗಿನ ಮಾನಿಟರೊಂದನ್ನು ವಿಜಿಎ ಕೇಬಲ್ಲಿನಿಂದ ಜೋಡಿಸಿ ನೋಡುವುದು ಸರಿಯಾದ ಪರೀಕ್ಷೆ. ಅದರಲ್ಲೂ ಗೆರೆ ಬಂದರೆ ದೋಷ ಕಾರ್ಡಿನದು. ಅಲ್ಲಿ ಚೊಕ್ಕವಾಗಿದ್ದರೆ ಪ್ಯಾನೆಲ್ಲಿನದು ಅಥವಾ ಅದರ ಪಟ್ಟಿ ಕೇಬಲ್ಲಿನದು. ವಿಂಡೋಸ್ ಏಳುವ ಮುನ್ನ ಬಯಾಸ್ ಪರದೆಯಲ್ಲೇ ಗೆರೆ ಕಂಡರೆ ಡ್ರೈವರನ್ನು ಬೈಯುವುದನ್ನೂ ನಿಲ್ಲಿಸಬಹುದು, ಆ ಹೊತ್ತಿಗೆ ಅದಿನ್ನೂ ಕೆಲಸಕ್ಕೆ ಬಂದಿರುವುದಿಲ್ಲ. ಸೇಫ್ ಮೋಡ್‌ನಲ್ಲಿ ಮಾತ್ರ ಎಲ್ಲವೂ ಸರಿಯಿದ್ದು ಮಾಮೂಲಿ ಬೂಟ್‌ನಲ್ಲಿ ಕೈಕೊಟ್ಟರೆ ಅದನ್ನು ಉಪಶಯ, ಅಂದರೆ ರೋಗದ ಗುಟ್ಟು ಬಿಟ್ಟುಕೊಡುವ ಉಪಶಮನ ಎನ್ನಬೇಕು. ಸೇಫ್ ಮೋಡ್‌ನಲ್ಲಿ ಕಾರ್ಡಿಗೆ ಹೇಳಿಕೊಳ್ಳುವಂಥ ಕೆಲಸ ಯಾರೂ ಕೊಡುವುದಿಲ್ಲ. ಕೆಲಸ ಕೊಡದಿದ್ದರೆ ಆರೋಗ್ಯವಂತ, ಕೊಟ್ಟರೆ ರೋಗಿ.

ಇನ್ನು ಸಂಪ್ರಾಪ್ತಿ, ಅಂದರೆ ರೋಗ ಹುಟ್ಟಿ ಬೆಳೆಯುವ ಬಗೆ. ಇಲ್ಲಿ ತುಸು ನಿಧಾನವಾಗಿ ಹೋಗೋಣ, ರೋಗದ ಬೇರು ಇರುವುದೇ ಇಲ್ಲಿ. ಗ್ರಾಫಿಕ್ಸ್ ಚಿಪ್ಪಿನ ನಡುವೆ ಮಿನುಗುವ ಸಿಲಿಕಾನ್ ತುಂಡು ಒಂದು ಸಣ್ಣ ಹಸಿರು ಹಲಗೆಯ ಮೇಲೆ ಬೋರಲಾಗಿ ಕೂತಿರುತ್ತದೆ. ಎರಡಕ್ಕೂ ನಡುವೆ ಕಣ್ಣಿಗೆ ಕಾಣದಷ್ಟು ಪುಟ್ಟ ಬೆಸುಗೆಯ ಗುಬುಟುಗಳು. ಹಲಗೆಯ ಅಡಿಯಲ್ಲಿ ಸ್ವಲ್ಪ ದೊಡ್ಡ ಬೆಸುಗೆಯ ಗುಂಡುಗಳಿದ್ದು, ಮದರ್‌ಬೋರ್ಡಿಗೆ ಅಂಟಿಸುವುದು ಅವು. ಬಿಸಿಯಾದಾಗ ಸಿಲಿಕಾನ್ ಹಿಗ್ಗುವುದಕ್ಕಿಂತ ಹಲಗೆ ಸುಮಾರು ಐದು ಪಟ್ಟು ಹೆಚ್ಚು ಹಿಗ್ಗುತ್ತದೆ. ಎಳೆದಾಟವೆಲ್ಲ ನಡುವಿನ ಗುಬುಟುಗಳ ಪಾಲಿಗೆ. ಆ ಭಾರವನ್ನು ಹಂಚಿಕೊಳ್ಳಲೆಂದೇ ನಡುವೆ ಒಂದು ಅಂಟು ತುಂಬಿರುತ್ತಾರೆ. ಚಿಪ್ಪು ಕೆಲಸ ಮಾಡುವ ಶಾಖಕ್ಕೇ ಆ ಅಂಟು ಮೆತ್ತಗಾದರೆ ಗುಬುಟುಗಳಿಗೆ ದಿಕ್ಕಿಲ್ಲ. ಆನ್ ಮಾಡಿದಾಗ ಒಂದು ಎಳೆತ, ಆಫ್ ಮಾಡಿದಾಗ ಇನ್ನೊಂದು. ವರ್ಷಗಟ್ಟಲೆ ಹೀಗೆ ನಡೆದು ಎಲ್ಲೋ ಒಂದು ಗುಬುಟು ಬಿರಿಯುತ್ತದೆ. ಬಿರುಕು ಕೂದಲೆಳೆಯಷ್ಟೂ ಇರುವುದಿಲ್ಲ, ಬೀಗರ ಮುಖಕ್ಕೆ ಅಷ್ಟು ಸಾಕು.

ಇದು ಪ್ರಬಂಧಕಾರನ ಕಲ್ಪನೆಯಲ್ಲ, ಇತಿಹಾಸವೂ ಸಾಕ್ಷಿ ಹೇಳುತ್ತದೆ. 2008ರ ಜುಲೈನಲ್ಲಿ ಎನ್‌ವಿಡಿಯಾ, ಹಿಂದಿನ ಪೀಳಿಗೆಯ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳು ಪ್ಯಾಕೇಜಿಂಗ್ ಸಾಮಗ್ರಿಯ ದೌರ್ಬಲ್ಯದಿಂದ ಕೈಕೊಡುತ್ತಿವೆ ಎಂದು ಒಪ್ಪಿ, ರಿಪೇರಿಯ ಖರ್ಚಿಗೆಂದು 15ರಿಂದ 20 ಕೋಟಿ ಡಾಲರ್ ತೆಗೆದಿರಿಸಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಪಲ್, 8600ಎಂ ಜಿಟಿ ಚಿಪ್ಪಿದ್ದ ಕೆಲವು ಮ್ಯಾಕ್‌ಬುಕ್ ಪ್ರೊಗಳೂ ಈ ಸಾಲಿಗೆ ಸೇರಿವೆ ಎಂದು ಹೇಳಿ ಉಚಿತ ರಿಪೇರಿಗೆ ಒಪ್ಪಿತು. ಬೇರೆ ತಯಾರಕರು ಬಯಾಸ್ ಅಪ್‌ಡೇಟ್ ಎಂಬ ತೀರ್ಥ ಕೊಟ್ಟರು. ಅದನ್ನು ಸೇವಿಸಿದ ಲ್ಯಾಪ್‌ಟಾಪಿನಲ್ಲಿ ಫ್ಯಾನು ಹೆಚ್ಚು ಹೊತ್ತು ತಿರುಗುತ್ತಿತ್ತು, ರೋಗ ವಾರಂಟಿಯ ಗಡಿಯವರೆಗೆ ತಡೆದುಕೊಳ್ಳಲಿ ಎಂಬ ಸದಾಶಯ ಅದರ ಹಿಂದಿತ್ತೋ ಏನೋ. ಅಮೆರಿಕದಲ್ಲಿ ದಾವೆ ಹೂಡಿದವರಿಗೆ 2010ರಲ್ಲಿ ರಾಜಿ ಪರಿಹಾರ ಸಿಕ್ಕಿತು. ದುಬಾರಿ ಎಚ್‌ಪಿ ಯಂತ್ರ ಕಳೆದುಕೊಂಡವರಿಗೆ ಬದಲಿಯಾಗಿ ಕಾಂಪ್ಯಾಕ್ ಸಿಕ್ಯೂ 56 ಎಂಬ ಅಗ್ಗದ ಲ್ಯಾಪ್‌ಟಾಪ್ ಬಂದಾಗ, ಇದೆಂಥ ಸಮಾನ ಬದಲಿ ಎಂದು ಮತ್ತೆ ಜಗಳ ಹತ್ತಿತು. ರೋಗ ಒಂದೇ ಕುಲಕ್ಕೆ ಅಂಟಿದ್ದು ಎಂದು ಬೀಗಬೇಡಿ: 2011ರ ಮ್ಯಾಕ್‌ಬುಕ್ ಪ್ರೊಗಳಲ್ಲಿದ್ದದ್ದು ಎಎಂಡಿ ಚಿಪ್ಪು, ಅವುಗಳಿಗೂ 2015ರ ಫೆಬ್ರುವರಿಯಲ್ಲಿ ರಿಪೇರಿ ಯೋಜನೆ ಘೋಷಿಸಬೇಕಾಯಿತು.

ಸೀಸವಾದಿಗಳ ಪೂರ್ವಪಕ್ಷ ಹೀಗಿದೆ. 2006ರ ಜುಲೈ 1ರಿಂದ ಐರೋಪ್ಯ ಒಕ್ಕೂಟ ಎಲೆಕ್ಟ್ರಾನಿಕ್ಸ್‌ನಿಂದ ಸೀಸವನ್ನು ಹೊರಗಟ್ಟಿತು, ಸೀಸ ಹೋದ ಬೆಸುಗೆ ಬಿರುಸಾಯಿತು, ಬಿರುಸಾದದ್ದು ಬಿರಿಯಿತು, ಆದ್ದರಿಂದ ನಮ್ಮ ಚಿಕ್ಕಪ್ಪನ ಗೆರೆಗೆ ಬ್ರಸೆಲ್ಸ್ ಕಾರಣ. ಕೇಳಲು ಸೊಗಸಾಗಿದೆ. ಆದರೆ ಶೇ 85ಕ್ಕಿಂತ ಹೆಚ್ಚು ಸೀಸವಿರುವ ಬೆಸುಗೆಗೆ ಅದೇ ಕಾನೂನು ವಿನಾಯಿತಿ ಕೊಟ್ಟಿತ್ತು, 2008ರಲ್ಲಿ ಅಪವಾದ ಹೊತ್ತ ಚಿಪ್ಪುಗಳ ಒಳಗುಬುಟುಗಳು ಆ ಜಾತಿಯವೇ. ಸೀಸವಿದ್ದೂ ಬಿರಿದವು. ಹಾಗಾದರೆ ಸೀಸ ಜಾಸ್ತಿಯಾದದ್ದೇ ಕಾರಣ ಎಂದು ಸೀಸವಾದಿಗಳು ತಕ್ಷಣ ಮಗ್ಗುಲು ಬದಲಿಸಿದರು. ಸೋತ ಪಕ್ಷ ಪ್ರತಿಜ್ಞೆ ಬದಲಿಸುವುದು ನ್ಯಾಯಶಾಸ್ತ್ರದಲ್ಲಿ ನಿಗ್ರಹಸ್ಥಾನ. ತಮಾಷೆಯೆಂದರೆ ಎರಡನೆಯ ಮಾತಿನಲ್ಲಿ ಹುರುಳೂ ಇತ್ತು. ಕಂಪನಿಯೇ ಮುಂದೆ ಆ ಮಿಶ್ರಣವನ್ನು ಕೈಬಿಟ್ಟಿತು.

ಚಿಕಿತ್ಸಾಸ್ಥಾನದಲ್ಲಿ ತಾಪವಾದಿಗಳದೇ ದರ್ಬಾರು. ಬಿರಿದದ್ದು ಬೆಸುಗೆ, ಬೆಸುಗೆ ಕರಗುವುದು ಶಾಖಕ್ಕೆ, ಆದ್ದರಿಂದ ಬೋರ್ಡನ್ನು ಬಿಚ್ಚಿ ಓವನ್ನಿನಲ್ಲಿ 200 ಡಿಗ್ರಿಗೆ ಕೆಲವು ನಿಮಿಷ ಬೇಯಿಸತಕ್ಕದ್ದು ಎಂದು ಅವರ ವಿಧಿ. ಅಂಕಿ ನೋಡೋಣ. ಹಳೆಯ ಸೀಸ-ತವರದ ಬೆಸುಗೆ ಕರಗುವುದು 183 ಡಿಗ್ರಿಗೆ. ಸೀಸವಿಲ್ಲದ ಈಗಿನ ಗುಂಡುಗಳಿಗೆ 217 ಬೇಕು. ಸೀಸ ತುಂಬಿದ ಒಳಗುಬುಟುಗಳಿಗೆ 300 ದಾಟಬೇಕು. ಅಂದರೆ 200 ಡಿಗ್ರಿಯಲ್ಲಿ ಕರಗಬೇಕಾದ್ದು ಯಾವುದೂ ಕರಗುವುದಿಲ್ಲ. ಆದರೂ ಡಿಸ್‌ಪ್ಲೇ ಬರುತ್ತದೆ! ಶಾಖಕ್ಕೆ ಎಲ್ಲವೂ ಒಂದಿಷ್ಟು ಮಿಸುಕಾಡಿ ಬಿರುಕಿನ ಎರಡು ತುಟಿಗಳು ಮತ್ತೆ ತಾಗುತ್ತವೆ, ಅಷ್ಟೇ. ವಾರವೋ ತಿಂಗಳೋ, ಯೋಗವಿದ್ದರೆ ಒಂದು ಮಳೆಗಾಲವೋ ಹಾಗೇ ನಿಲ್ಲುತ್ತವೆ. ತಪ್ಪು ಕಾರಣಕ್ಕೆ ಫಲ ಕೊಡುವ ಇಂಥ ಔಷಧವನ್ನು ಖಂಡಿಸುವುದು ಬಲು ಕಷ್ಟ, ಗುಣವಾದವನು ವಾದ ಕೇಳುವುದಿಲ್ಲ. ಆ ಓವನ್ನಿನಲ್ಲಿ ಮತ್ತೆ ಕೇಕು ಮಾಡುವ ಮನೆಗೆ ಪ್ರಬಂಧಕಾರ ಊಟಕ್ಕೆ ಹೋಗುವುದಿಲ್ಲ ಎಂಬುದನ್ನು ಮಾತ್ರ ದಾಖಲಿಸಬೇಕು.

ಓವನ್ ಇಲ್ಲದ ಬಡವರಿಗೆ ಕಂಬಳಿ ಸ್ವೇದನವಿದೆ. ಲ್ಯಾಪ್‌ಟಾಪನ್ನು ಆನ್ ಮಾಡಿ, ಗಾಳಿ ಕಿಂಡಿಗಳು ಮುಚ್ಚುವಂತೆ ಟವೆಲಿನಲ್ಲೋ ಕಂಬಳಿಯಲ್ಲೋ ಸುತ್ತಿ, ಅದು ತನ್ನ ಶಾಖಕ್ಕೆ ತಾನೇ ಬೆಂದು ನಿಲ್ಲುವವರೆಗೆ ಕಾಯುವುದು. ಯಾವ ಶಾಖ ರೋಗ ತಂದಿತೋ ಅದನ್ನೇ ಮದ್ದಾಗಿ ಕೊಡುವ ಈ ವಿಧಾನ ಹೋಮಿಯೋಪತಿಗೆ ಸೇರುತ್ತದೆಯೇ ಆಯುರ್ವೇದಕ್ಕೆ ಸೇರುತ್ತದೆಯೇ ಎಂಬ ವಿವಾದ ಇತ್ಯರ್ಥವಾಗುವವರೆಗೆ ಯಾರೂ ಮಾಡಬಾರದು. ಒಳಗೆ ಲಿಥಿಯಂ ಬ್ಯಾಟರಿ ಇರುತ್ತದೆ, ವಿವಾದ ಕೇಳಿ ಅದು ಹೊತ್ತಿಕೊಂಡೀತು.

ಪಂಡಿತರ ದಾರಿ ಬೆಂಗಳೂರಿನ ಎಸ್‌ಪಿ ರಸ್ತೆಗೆ ಹೋಗುತ್ತದೆ. ಸಾದರ ಪತ್ರಪ್ಪ ರಸ್ತೆಯ ಚಿಪ್ ಲೆವೆಲ್ ಸರ್ವಿಸ್ ಅಂಗಡಿಯೊಂದರಲ್ಲಿ ಹುಡುಗ ಬೋರ್ಡನ್ನು ಬೆಳಕಿಗೆ ಹಿಡಿದು ಒಮ್ಮೆ ಮೂಸಿದ. "ಚಿಪ್ ಹೋಗಿದೆ ಅಂಕಲ್. ರೀಬಾಲ್ ಮಾಡಿದ್ರೆ ಬರತ್ತೆ."

"ಗ್ಯಾರಂಟಿ ಎಷ್ಟಪ್ಪಾ?" ಎಂದರು ಚಿಕ್ಕಪ್ಪ.

"ಇಲ್ಲಿ ಡಿಸ್‌ಪ್ಲೇ ತೋರಿಸಿ ಕೊಡ್ತೀನಿ. ಮನೇಲೂ ಬಂದ್ರೆ ನಿಮ್ ಪುಣ್ಯ."

ಅಸಾಧ್ಯ ರೋಗಕ್ಕೆ ಕೈಹಾಕುವ ವೈದ್ಯ ಹಣ, ವಿದ್ಯೆ, ಯಶಸ್ಸು ಮೂರನ್ನೂ ಕಳೆದುಕೊಳ್ಳುತ್ತಾನೆಂದು ಚರಕ ಎಚ್ಚರಿಸಿದ್ದಾನೆ. ಹುಡುಗ ಹಣವನ್ನು ಮೊದಲೇ ಇಸಿದುಕೊಂಡು ಮೂರರಲ್ಲಿ ಒಂದನ್ನು ಭದ್ರಪಡಿಸಿಕೊಂಡ. ಅಷ್ಟರ ಮಟ್ಟಿಗೆ ಅವನು ಚರಕನನ್ನು ಮೀರಿದವನು. ರೀಬಾಲಿಂಗ್ ಎಂದರೆ ಚಿಪ್ಪನ್ನು ಬಿಸಿಗಾಳಿಯಿಂದ ಎತ್ತಿ, ಹಳೆಯ ಗುಂಡುಗಳನ್ನು ಒರೆಸಿ, ಹೊಸವನ್ನು ಜಾಳಿಗೆಯ ಮೂಲಕ ಕೂರಿಸಿ, ಮತ್ತೆ ಬೆಸೆಯುವುದು. ನೋಡಲು ಅಪ್ಪಟ ಕುಸುರಿ ಕೆಲಸ, ಕೈಚಳಕಕ್ಕೆ ನಮಸ್ಕಾರ. ಆದರೆ ಬಿರುಕಿರುವುದು ಸಿಲಿಕಾನಿಗೂ ಹಲಗೆಗೂ ನಡುವೆ, ಬದಲಾದದ್ದು ಹಲಗೆಯ ಕೆಳಗಿನ ಗುಂಡು. ಮಹಡಿ ಸೋರುತ್ತದೆಂದರೆ ನೆಲಮಾಳಿಗೆಗೆ ಟೈಲ್ಸ್ ಹಾಕಿದ ಹಾಗೆ. ಆದರೂ ಸೋರಿಕೆ ಸ್ವಲ್ಪ ದಿನ ನಿಲ್ಲುತ್ತದೆ, ಯಾಕೆಂದರೆ ಈ ಕೆಲಸದಲ್ಲೂ ಚಿಪ್ಪು ಬೆಂದಿರುತ್ತದೆ. ಚಿಪ್ಪನ್ನೇ ಹೊಸದಾಗಿ ಹಾಕುವುದು ನಿಜವಾದ ಮದ್ದು. ಮಾರುಕಟ್ಟೆಯಲ್ಲಿ ಹೊಸದು ಎಂದು ಸಿಗುವುದು ಇನ್ಯಾವುದೋ ಸತ್ತ ಬೋರ್ಡಿನಿಂದ ಕಿತ್ತದ್ದಿರಬಹುದು, ಅದಕ್ಕೂ ಯಾರೋ ಒಬ್ಬ ಚಿಕ್ಕಪ್ಪ ಇದ್ದಿರಬಹುದು.

ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಚರಕ ಹೇಳುತ್ತಾನೆ: ವೈದ್ಯ, ದ್ರವ್ಯ, ಉಪಚಾರಕ, ರೋಗಿ. ರೋಗಿಗೆ ಬೇಕಾದ ಗುಣಗಳೂ ನಾಲ್ಕು. ನೆನಪಿನ ಶಕ್ತಿ: ನಮ್ಮ ರೋಗಿಗೆ 4 ಜಿಬಿ ಇದೆ. ಹೇಳಿದ ಮಾತು ಕೇಳುವುದು: ಎಂಟರ್ ಕೀಲಿಯೊಂದನ್ನು ಬಿಟ್ಟರೆ ವಿಧೇಯ. ಧೈರ್ಯ: ಎಸ್‌ಪಿ ರಸ್ತೆಗೆ ಹೋಗಿ ಬಂದಿದೆ. ತನ್ನ ರೋಗವನ್ನು ತಾನೇ ಹೇಳಿಕೊಳ್ಳುವುದು: ಕೋಡ್ 43. ಇಷ್ಟೆಲ್ಲ ಗುಣಸಂಪನ್ನ ರೋಗಿ ಯಾಕೆ ಗುಣವಾಗಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಯಾಪ್ಯ ಎಂಬ ವರ್ಗದಲ್ಲಿದೆ. ಗುಣವೂ ಆಗದ, ಸಾಯಲೂ ಬಿಡದ, ಪಥ್ಯ ನಡೆಯುವವರೆಗೆ ನಡೆಯುವ ರೋಗಗಳು ಯಾಪ್ಯ. ಚಿತ್ರಕ್ಷಯ ಈ ವರ್ಗದ್ದು ಎಂಬುದು ಈ ಗ್ರಂಥದ ಸಿದ್ಧಾಂತ. ಬೇಯಿಸುವವರೂ ಸುತ್ತುವವರೂ ರೀಬಾಲಿಸುವವರೂ ಇದನ್ನು ಸಾಧ್ಯವೆಂದು ಹಿಡಿದು ಕೆಟ್ಟರು.

ಯಾಪ್ಯಕ್ಕೆ ಪಥ್ಯ ಮುಖ್ಯ. ಮೊದಲು, ಪರದೆ ಕಾಣುವಷ್ಟರಲ್ಲೇ ಕಾಗದ ಪತ್ರ ಫೋಟೊಗಳನ್ನು ಬೇರೆ ಕಡೆಗೆ ನಕಲಿಸಿಕೊಳ್ಳಬೇಕು. ಕಪ್ಪಾದ ಮೇಲೂ ಹಾರ್ಡ್ ಡಿಸ್ಕ್ ಬದುಕಿರುತ್ತದೆ, ಬಿಚ್ಚಿ ಯುಎಸ್‌ಬಿ ಕೇಸಿಗೆ ಹಾಕಿದರೆ ಓದಬಹುದು. ಆದರೆ ಆಗ ಮನೆಯಲ್ಲಿ ಸ್ಕ್ರೂಡ್ರೈವರ್ ಸಿಗುವುದಿಲ್ಲ. ಪ್ರೊಸೆಸರಿನೊಳಗೇ ಇನ್ನೊಂದು ಗ್ರಾಫಿಕ್ಸ್ ಇರುವ ಪುಣ್ಯವಂತ ಯಂತ್ರಗಳಲ್ಲಿ ಬಯಾಸ್‌ಗೆ ಹೋಗಿ ಕೆಟ್ಟ ಕಾರ್ಡನ್ನು ಪೂರ್ತಿ ನಿವೃತ್ತಿಗೊಳಿಸಬಹುದು. ನಮ್ಮ ರೋಗಿಯ ಬಯಾಸ್‌ನಲ್ಲಿ ಆ ಸಾಲೇ ಇಲ್ಲ. ಆದ್ದರಿಂದ ಡ್ರೈವರ್ ತೆಗೆದುಹಾಕಿ ವಿಂಡೋಸಿನ ಮೂಲ ಡಿಸ್‌ಪ್ಲೇ ಅಡಾಪ್ಟರಿನ ಮೇಲೆ ಓಡಿಸುತ್ತಿದ್ದೇವೆ. ಲಿನಕ್ಸ್ ಪಂಥದವರು ಇದೇ ಪಥ್ಯವನ್ನು ನೋಮೋಡ್‌ಸೆಟ್ ಎಂಬ ಬೀಜಮಂತ್ರದಿಂದ ಸಾಧಿಸುತ್ತಾರೆ. ವೀಡಿಯೋ ಕುಂಟುತ್ತದೆ, ಕಾಗದಪತ್ರ ಓದಬಹುದು.

ಫ್ಯಾನನ್ನೂ ಬಿಚ್ಚಿದೆವು. ಫ್ಯಾನಿಗೂ ತಾಮ್ರದ ರೆಕ್ಕೆಗಳಿಗೂ ನಡುವೆ ಕೂತ ಧೂಳು ಪುಡಿಯಾಗದೆ ಇಡಿಯಾಗಿ ಒಂದೇ ಪಟ್ಟಿಯಾಗಿ ಎದ್ದು ಬಂತು. ಅದರಲ್ಲಿ ಊದುಬತ್ತಿಯ ಬೂದಿ, ಚಿಕ್ಕಮ್ಮನ ಉದ್ದನೆಯ ಒಂದು ಕೂದಲು, ಮದುವೆಯ ಕಾಲದ್ದೇ ಇರಬೇಕು ಎನ್ನುವಂಥ ಜರಿಯ ಒಂದೆಳೆ. ಚಿಪ್ಪಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿ ಉಗುರಿಗೆ ಸುಣ್ಣವಾಗಿ ಉದುರಿತು. ಹೊಸ ಪೇಸ್ಟ್ ಹಚ್ಚಿದ ಮೇಲೆ ಫ್ಯಾನು ಅರಚುವುದು ನಿಂತಿದೆ. ಗೆರೆ ನಿಂತಿಲ್ಲ.

ಒಂದು ವಿವಾದ ಮಾತ್ರ ಉಳಿದಿದೆ. ಬಿಸಿ-ತಂಪಿನ ಎಳೆದಾಟವೇ ರೋಗಕ್ಕೆ ಕಾರಣವಾದರೆ, ಲ್ಯಾಪ್‌ಟಾಪನ್ನು ಆಫ್ ಮಾಡದಿರುವುದೇ ಪರಮ ಪಥ್ಯ ಎಂದು ಚಿಕ್ಕಪ್ಪ ಈ ಗ್ರಂಥದ ಕರಡು ಓದಿ ತರ್ಕಬದ್ಧವಾಗಿ ತೀರ್ಮಾನಿಸಿದರು. ರಾತ್ರಿಯೆಲ್ಲ ಓಡಿದರೂ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಇದೆಯಲ್ಲ ಎಂಬುದು ಅವರ ಉಪಪತ್ತಿ.

"ರೀ, ಅವರು ಫ್ರೀ ಕೊಡೋದು ಹಳೇ ಸರಾಸರಿ ಮೇಲೆ ಶೇಕಡಾ 10 ಮಾತ್ರ," ಎಂದು ಚಿಕ್ಕಮ್ಮ ಒಳಗಿನಿಂದಲೇ ಭಾಷ್ಯ ಬರೆದರು. "ಮಿಕ್ಕಿದ್ದನ್ನ ನಿಮ್ ಶಾಸ್ತ್ರ ಕಟ್ಟತ್ತಾ?"

ಸ್ಲೀಪ್ ಮೋಡ್‌ನಲ್ಲಿಡುವುದು ಎಂದು ರಾಜಿಯಾಗಿದೆ. ಸ್ಲೀಪ್‌ನಲ್ಲೂ ಕಾರ್ಡು ತಣ್ಣಗಾಗುತ್ತದಲ್ಲವೇ ಎಂಬ ಆಕ್ಷೇಪ ಎತ್ತುವ ಧೈರ್ಯ ಈವರೆಗೆ ಯಾವ ಪಕ್ಷಕ್ಕೂ ಬಂದಿಲ್ಲ.