ಎಣ್ಣೆ ಹೊಡೆಯುವ ಮುದಿ ಕಾರು

‘ಎಣ್ಣೆ’ ಎಂಬ ಪದಕ್ಕೆ ಅಡುಗೆಮನೆಯಲ್ಲೊಂದು, ಬಾರಿನಲ್ಲೊಂದು ಅರ್ಥವಿರುವುದರಿಂದ, 2014ರಲ್ಲಿ ತಯಾರಿಕೆ ನಿಂತರೂ ರಸ್ತೆ ಬಿಡದ ಮಾರುತಿ 800ರಂಥ ಮುದಿ ಕಾರು ‘ಎಣ್ಣೆ ಕುಡಿಯುತ್ತಿದೆ’ ಎಂದು ಮೆಕ್ಯಾನಿಕ್ ಸಾರಿದಾಗ, ಮಾಲೀಕನ ಮುಖದಲ್ಲಿ ಕುಡುಕ ಮಗನ ತಂದೆಯ ಸಂಕಟ ಮೂಡುವುದು ಸಹಜ. ಆದರೆ ಆರೋಪಕ್ಕೆ ಸಾಕ್ಷ್ಯ ಬೇಕು: ಸಮತಟ್ಟಾದ ನೆಲದಲ್ಲಿ ಎಂಜಿನ್ ಆರಿಸಿ, ಹತ್ತು ನಿಮಿಷ ಕಾದು, ಡಿಪ್‌ಸ್ಟಿಕ್ ಎಂಬ ಅಳತೆಕಡ್ಡಿಯನ್ನು ಒರೆಸಿ ಮತ್ತೆ ಅದ್ದಿ ನೋಡದೆ ತೀರ್ಪು ಕೊಡುವುದು ಅನ್ಯಾಯ. ಕಾರಿನಡಿ ಹಾಸಿದ ಹಳೆಯ ಪತ್ರಿಕೆಯ ಮೇಲೆ ಬೆಳಗ್ಗೆ ಕಪ್ಪು ಚುಕ್ಕೆಗಳು ಬಿದ್ದಿದ್ದರೆ, ಅದು ಕುಡಿತವಲ್ಲ, ಬರೀ ಸೋರಿಕೆ.

ಚುಕ್ಕೆಯಿಲ್ಲದಿದ್ದರೆ ಹೊಗೆಯ ಜಾತಕ ನೋಡಬೇಕು. ರಾತ್ರಿಯೆಲ್ಲ ನಿಂತ ಕಾರು ಮೊದಲ ಸ್ಟಾರ್ಟಿಗೆ ನೀಲಿ ಹೊಗೆ ಉಗುಳಿ ಸುಮ್ಮನಾದರೆ, ವಾಲ್ವಿನ ಕಡ್ಡಿಯ ಸುತ್ತ ಎಣ್ಣೆ ತಡೆಯುವ ರಬ್ಬರ್ ಸೀಲು ವಯಸ್ಸಿಗೆ ಗಡುಸಾಗಿದೆ ಎಂದೂ, ಆಕ್ಸಿಲರೇಟರ್ ಒತ್ತಿದಷ್ಟೂ ಉಗುಳಿದರೆ, ಸಿಲಿಂಡರ್ ಗೋಡೆಯ ಎಣ್ಣೆಯನ್ನು ಕೆರೆದಿಳಿಸುವ ಪಿಸ್ಟನ್ ರಿಂಗುಗಳು ಸವೆದಿವೆ ಎಂದೂ ಊಹಿಸಬಹುದು. ಊಹೆಯನ್ನು ಖಚಿತಪಡಿಸಲು ಸಿಲಿಂಡರಿನ ಒತ್ತಡ ಅಳೆದು, ಒಳಗೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆಯುತ್ತಾರೆ. ಒತ್ತಡ ಚೆನ್ನಾಗಿ ಏರಿದರೆ ತಪ್ಪು ರಿಂಗಿನದು. ಕುಡುಕನನ್ನು ಹಿಡಿಯಲು ಅವನಿಗೇ ಒಂದು ಗುಟುಕು ಹಾಕಿಸುವ ಈ ತರ್ಕವನ್ನು ಯಾವ ನ್ಯಾಯಶಾಸ್ತ್ರವೂ ಒಪ್ಪಲಾರದು.

ರಿಂಗು ಬದಲಿಸಲು ಎಂಜಿನ್ನನ್ನೇ ಬಿಚ್ಚಬೇಕಾದ್ದರಿಂದ, ಆ ಖರ್ಚು ಕಾರಿನ ಬೆಲೆಗೇ ಪೈಪೋಟಿ ಕೊಡುತ್ತದೆ. ಹಾಗಾಗಿ ಎಷ್ಟೋ ಮಾಲೀಕರು ಡಿಕ್ಕಿಯಲ್ಲೊಂದು ಡಬ್ಬಿ ಇಟ್ಟುಕೊಂಡು, ಚಟ ಬಿಡಿಸುವ ಬದಲು ಸಾಕುವ ದಾರಿ ಹಿಡಿಯುತ್ತಾರೆ.