ಬ್ಯಾಡ ಅಂದ ಮೀನು

ಮಂಡ್ಯ ಸೀಮೆಯ ಬಡಿಸುವವರಿಗೆ 'ಸಾಕು' ಎಂಬ ಮಾತು ಕೇಳಿಸುವುದಿಲ್ಲ. ಕಿವಿಯಲ್ಲೇನೂ ಐಬಿಲ್ಲ, ಪಕ್ಕದ ಮನೆಯಲ್ಲಿ ಹಾಲು ಉಕ್ಕಿದರೆ ಇಲ್ಲಿಂದಲೇ ಕೂಗಿ ಹೇಳುತ್ತಾರೆ. ತಟ್ಟೆಗೆ ಕೈ ಅಡ್ಡ ಹಿಡಿದರೆ ಕೈ ಮೇಲೇ ಸಾರು. ಎದ್ದು ಓಡೋಣವೆಂದರೆ ಅಷ್ಟರಲ್ಲಿ ಇನ್ನರ್ಧ ಮುದ್ದೆ ಬಂದು ಕೂತಿರುತ್ತದೆ. 'ಡಾಕ್ಟ್ರು ಬ್ಯಾಡ ಅಂದವ್ರೆ' ಎಂದರೆ, 'ಆ ಡಾಕ್ಟ್ರನ್ನೂ ಕರ್ಕೊಂಬಾ, ಉಂಡ್ಕಂಡ್ ಓಗ್ಲಿ' ಅನ್ನುತ್ತಾರೆ. ಶುಗರ್ ಇದ್ದವರಿಗೆ ಮಾತ್ರ ಒಂದು ರಿಯಾಯಿತಿ ಉಂಟು: ಪಾಯಸ ಸುರಿಯುತ್ತ 'ವಸಿ ಬೆಲ್ಲ ಕಮ್ಮಿ ಹಾಕಿವ್ನಿ' ಎಂದು ಸುಳ್ಳು ಹೇಳುತ್ತಾರೆ.

ಇವರೆಲ್ಲರಿಗಿಂತ ಒಂದು ಕೈ ಮೇಲೆ ನಮ್ಮ ಗೋವಿಂದನಹಳ್ಳಿ ದೊಡ್ಡವ್ವ. ಕೆ.ಆರ್. ಪೇಟೆ ತಾಲ್ಲೂಕಿನ ಈ ಊರಿಗೆ ಹೊರಗಿನವರು ಬರುವುದು ಪಂಚಲಿಂಗೇಶ್ವರನ ಗುಡಿ ನೋಡಲು. 13ನೇ ಶತಮಾನದ ಹೊಯ್ಸಳರ ಗುಡಿ, ಸಾಲಾಗಿ 5 ಗರ್ಭಗುಡಿ, 5 ಲಿಂಗ. ರೂವಾರಿ ಮಲ್ಲಿತಮ್ಮನ ಹೆಸರು ಕೊರೆದಿರುವ ಶಿಲ್ಪಗಳೂ ಇವೆ. ಬಂದವರು ಶಿಲ್ಪ ನೋಡುತ್ತ ನಿಂತರೆ ದೊಡ್ಡವ್ವ ಅವರ ಹೊಟ್ಟೆ ನೋಡುತ್ತ ನಿಲ್ಲುತ್ತಾಳೆ. ದ್ವಾರಪಾಲಕರ ಸಣ್ಣ ಸೊಂಟದ ಬಗ್ಗೆಯಂತೂ ಅವಳಿಗೆ ಮೊದಲಿನಿಂದಲೂ ಅಸಮಾಧಾನ. 'ಮೈ ತುಂಬ ಒಡವೆ ಹಾಕವ್ರೆ, ಹೊಟ್ಟೆಗೆ ಮಾತ್ರ ಇಕ್ಕಿಲ್ಲ!'

ಇಂಥ ಮನೆಗೆ ಮೈಸೂರಿನಲ್ಲಿ ಓದುವ ಮೊಮ್ಮಗ ಸಂಕ್ರಾಂತಿಯ ರಜೆಗೆ ಬರುವಾಗ ಒಂದು ಫೈಟರ್ ಮೀನು ತಂದ. ತಿಳಿದವರು ಬೆಟ್ಟಾ ಅನ್ನುತ್ತಾರೆ. ಕಡುನೀಲಿ ಮೈ, ಸೀರೆಯ ನೆರಿಗೆಯಂಥ ಬಾಲ. ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದಿದ್ದನ್ನು ಹಾರ್ಲಿಕ್ಸ್ ಬಾಟಲಿಗೆ ತಣ್ಣನೆಯ ಬೋರ್ ನೀರು ತುಂಬಿ ಬಿಟ್ಟರು. ರೆಕ್ಕೆ ಮಡಚಿಕೊಂಡು ತಳಕ್ಕೆ ಹೋಗಿ ಕೂತಿತು. ಹುಡುಗ ಅಂಗಡಿಯವನು ಕೊಟ್ಟ ಕಾಳು ಉದುರಿಸಿದ. ಮೂಸಿಯೂ ನೋಡಲಿಲ್ಲ.

'ಬಂದ ನೆಂಟ ಉಣ್ಣದೆ ಕುಂತವ್ನೆ, ನೀನು ಸಾಸುವೆ ಎಸೀತಾ ಕುಂತಿದ್ದೀಯಲ್ಲೋ!' ಎಂದು ದೊಡ್ಡವ್ವ ಸೆರಗು ಸಿಕ್ಕಿಸಿದಳು.

ಮೊದಲು ಅನ್ನದ ಅಗುಳು ಬಿತ್ತು. ಆಮೇಲೆ ಮುದ್ದೆಯ ಚೂರು, ಕಡ್ಲೆಪುರಿ, ಹಬ್ಬದ ಎಳ್ಳು. ಅಷ್ಟರಲ್ಲಿ ಮೀನು ಮೇಲೆ ಬಂದು, ಬಾಯಿ ತೆರೆದು, ಮತ್ತೆ ಇಳಿಯಿತು. 'ನೋಡ್ಲಾ, ಬಾಯ್ ಬುಡ್ತಾ ಐತೆ! ಹಸ್ಗಂಡೈತೆ!' ಇನ್ನೊಂದು ಅಗುಳು. ಅದು ಬಾಯಿ ಬಿಟ್ಟಿದ್ದು ಊಟಕ್ಕಲ್ಲ, ಉಸಿರಿಗೆ. ಈ ಜಾತಿಯ ಮೀನಿಗೆ ಕಿವಿರಿನ ಜೊತೆ ತಲೆಯೊಳಗೆ ಗಾಳಿ ಹಿಡಿಯುವ ಇನ್ನೊಂದು ಅಂಗ ಇದೆ. ಆಗಾಗ ಮೇಲೆ ಬಂದು ಒಂದು ಗುಟುಕು ಗಾಳಿ ಎಳೆದುಕೊಳ್ಳದಿದ್ದರೆ ಬದುಕಲಾರದು. ಪಾಪದ ಪ್ರಾಣಿ ಉಸಿರಾಡಿದಾಗಲೆಲ್ಲ ಬಡಿಸಿದರೆ ಇನ್ನೇನಾಗುತ್ತದೆ? ಬೆಳಗಾಗುವಷ್ಟರಲ್ಲಿ ಬಾಟಲಿನ ನೀರು ಗಂಜಿ ಬಸಿದ ಹಾಗಾಯಿತು.

ಪಕ್ಕದ ಮನೆಯವಳು ಬಂದು, ಬಣ್ಣ ಚೆನ್ನಾಗಿದೆಯಲ್ಲ, ಕಣ್ಣಾಗಿದೆ ಎಂದಳು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಮನೆಯವರೆಲ್ಲ ಕೆಮ್ಮಿದರು; ಮೀನು ಕೆಮ್ಮಲಿಲ್ಲ, ಉಣ್ಣಲೂ ಇಲ್ಲ. ದೊಡ್ಡವ್ವನಿಗೆ ಅವಮಾನವಾಯಿತು. 'ಐದು ಲಿಂಗಕ್ಕೂ ಎಡೆ ಇಕ್ಕಿವ್ನಿ, ಒಂದ್ ದಿನ ಒಬ್ನೂ ಬ್ಯಾಡ ಅಂದಿಲ್ಲ!'

'ತಿಂದೂ ಇಲ್ವಲ್ಲ ಅಜ್ಜಿ' ಎಂದ ಮೊಮ್ಮಗ. ಅವನಿಗೆ ಆವತ್ತು ತಿಂಡಿ ತಡವಾಯಿತು.

ಹುಡುಗ ತಾನು ಓದಿದ್ದನ್ನು ಕೊನೆಗೆ ಬಿಡಿಸಿ ಹೇಳಿದ. ಹೊಸ ಜಾಗಕ್ಕೆ ಬಂದ ಮೀನು ಹೆದರಿಕೆಗೇ ಒಂದೆರಡು ದಿನ ಊಟ ಬಿಡುತ್ತದೆ. ಅದಕ್ಕೆ 24ರಿಂದ 28 ಡಿಗ್ರಿ ಬೆಚ್ಚಗಿನ ನೀರು ಬೇಕು. ನಮ್ಮ ಸಂಕ್ರಾಂತಿಯ ಚಳಿಗೆ ಮೈ ಜಡವಾಗಿ ಹಸಿವೇ ಸತ್ತುಹೋಗುತ್ತದೆ. ಉಳಿದ ಅನ್ನ ಕೊಳೆತರೆ ನೀರೇ ವಿಷ. ಅದರ ಹೊಟ್ಟೆ ಹೆಚ್ಚೂಕಮ್ಮಿ ಅದರ ಕಣ್ಣಿನಷ್ಟೇ ದೊಡ್ಡದು. ಗಟ್ಟಿಯಾದ ಮೀನು ವಾರದ ಉಪವಾಸವನ್ನೂ ತಡೆದುಕೊಳ್ಳುತ್ತದೆ. ಕಣ್ಣಿನಷ್ಟು ಹೊಟ್ಟೆ ಎಂಬುದನ್ನು ದೊಡ್ಡವ್ವ ನಂಬಲಿಲ್ಲ. ದೇವರು ಅಂಥ ಅನ್ಯಾಯ ಮಾಡುವುದಿಲ್ಲ ಎಂದಳು.

'ಎಲ್ಲಿಂದ ಬಂದದ್ಲಾ ಇದು?'

'ಥಾಯ್ಲೆಂಡಿಂದು ಅಜ್ಜಿ. ಅಲ್ಲಿ ಗದ್ದೆ ನೀರಲ್ಲಿ ಇರುತ್ತೆ. 2019ರಲ್ಲಿ ಅಲ್ಲಿನ ಸರ್ಕಾರ ಇದನ್ನ ರಾಷ್ಟ್ರೀಯ ಜಲಚರ ಅಂತ ಮಾಡಿದೆ.'

'ಗದ್ದೆ ಮೀನಾ? ಅಂಗಾದ್ರೆ ನಮ್ಮೋನೇ ಬುಡು. ಏನ್ ತಿಂತದೆ ಅಲ್ಲಿ?'

'ಹುಳ, ಸೊಳ್ಳೆ ಮರಿ. ಅನ್ನ ಗಿನ್ನ ಮುಟ್ಟಲ್ಲ.'

ದೊಡ್ಡವ್ವನ ಮುಖ ಅರಳಿತು. 'ಬಾಡೂಟದೋನು ಅಂತ ಮೊದ್ಲೇ ಬೊಗಳ್ಬಾರ್ದಾ? ನಾಲ್ಕು ಹೊತ್ತಿಂದ ಸೊಪ್ಪುಸಾರಿನೋರ ತರ ನೋಡ್ಕಂಡಿವ್ನಲ್ಲೋ!'

ಬಾಟಲು ತೊಳೆದು, ಬಿಸಿಲಲ್ಲಿಟ್ಟಿದ್ದ ನೀರು ತುಂಬಿ, ಮೀನನ್ನು ಒಲೆಯ ಹಿಂದಿನ ಬೆಚ್ಚಗಿನ ಗೂಡಿನಲ್ಲಿ ಇಟ್ಟರು. ದೊಡ್ಡವ್ವ ಹಿತ್ತಲಿನ ಡ್ರಮ್ಮಿನಲ್ಲಿ ಕುಣಿಯುತ್ತಿದ್ದ ಸೊಳ್ಳೆ ಮರಿಗಳನ್ನು ಟೀ ಸೋಸುವ ಜರಡಿಯಲ್ಲಿ ಹಿಡಿದು ತಂದಳು. ಒಂದನ್ನು ಬಿಟ್ಟಳು. ಮೀನು ತಿರುಗಿತು, ಒಂದು ಗಳಿಗೆ ದಿಟ್ಟಿಸಿತು, ಗಬಕ್ಕನೆ ನುಂಗಿತು. ದೊಡ್ಡವ್ವನ ಕಣ್ಣಲ್ಲಿ ನೀರು. ಮಗಳ ಮದುವೆಯಲ್ಲೂ ಅತ್ತವಳಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಮಾರನೆಯ ದಿನ ಆಶಾ ಕಾರ್ಯಕರ್ತೆ ಮನೆ ಮನೆಗೆ ಬಂದು, ಡೆಂಗಿ ಬರುತ್ತದೆ, ಲಾರ್ವಾ ಇರುವ ಡ್ರಮ್ಮು ಮಗುಚಿ ಎಂದಳು. ದೊಡ್ಡವ್ವ ಡ್ರಮ್ಮಿಗೆ ಅಡ್ಡ ನಿಂತಳು. 'ಮನೆಗ್ ಬಂದೋನ ಊಟ ಕನವ್ವ ಅದು, ಚೆಲ್ಬ್ಯಾಡ.' ಆಶಾ ಕಾರ್ಯಕರ್ತೆ ಚೆಲ್ಲಿಯೇ ಬಿಟ್ಟಳು. ಸರಿಯಾಗಿಯೇ ಮಾಡಿದಳು, ಒಂದು ಮೀನಿನ ಹಬ್ಬಕ್ಕೆ ಊರು ಜ್ವರದಲ್ಲಿ ಮಲಗಲಾಗುವುದಿಲ್ಲ. ದೊಡ್ಡವ್ವ ಮಾತ್ರ ಅವಳಿಗೆ ಟೀ ಕೊಟ್ಟಳು, ಒತ್ತಾಯ ಮಾಡಲಿಲ್ಲ. ನಮ್ಮೂರಿನಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಮೀನು ಈಗ ಅಂಗಡಿಯ ಕಾಳನ್ನೇ ತಿನ್ನುತ್ತದೆ, ದಿನಕ್ಕೆರಡು ಹೊತ್ತು, ಹೊತ್ತಿಗೆ ಎರಡೋ ಮೂರೋ. ನಾಲ್ಕನೆಯದು ಬಿದ್ದರೆ ಉಗಿದು ಬಾಲ ತಿರುಗಿಸುತ್ತದೆ. ಆ ಮನೆಯಲ್ಲಿ 'ಸಾಕು' ಎಂದು ಹೇಳಿ ದಕ್ಕಿಸಿಕೊಂಡವನು ಅವನೊಬ್ಬನೇ. ನಾವು ಅಳಿಯಂದಿರು, ಅಕ್ಕನ ಮಕ್ಕಳು ಅವನನ್ನು ಗೌರವದಿಂದ ನೋಡುತ್ತೇವೆ. ನೀವೂ ಹೊಸದಾಗಿ ಇಂಥ ಮೀನು ತಂದಿದ್ದರೆ ನೀರು ಬೆಚ್ಚಗಿರಲಿ, ಚೊಕ್ಕಟವಾಗಿರಲಿ. ಬಾಟಲನ್ನು ಮಾತ್ರ ನಿಮ್ಮ ಮನೆಯ ದೊಡ್ಡವ್ವನ ಕೈಗೆ ಎಟುಕದಷ್ಟು ಎತ್ತರದಲ್ಲಿಡಿ.